ಮಾದೇವಮ್ಮನ ಗೋಡೆಗಾಗಿ ಕೊಂಡ ಹೆಡ್‌ಫೋನ್

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪೈಪ್‌ಲೈನ್ ನಿರ್ವಹಣೆಯ ಮೇಲ್ವಿಚಾರಕಿಯಾಗಿ ಬಹಳ ವರ್ಷ ದುಡಿದು, ಆ ಕೆಲಸ ಬಿಟ್ಟು, ನಂಜನಗೂಡಿನ ನಮ್ಮ ಮನೆಯಿಂದಲೇ ಸ್ವಂತ ಉದ್ಯೋಗ ಶುರುಮಾಡಿದ್ದೆ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಅಗೆಯದೆಯೇ ಪತ್ತೆ ಹಚ್ಚಿಕೊಡುವ ಕೆಲಸ ಅದು. ಒತ್ತಡದಲ್ಲಿರುವ ನೀರು ಬಿರುಕಿನಿಂದ ನುಗ್ಗುವಾಗ ಸದ್ದು ಮಾಡುತ್ತದೆ. ಗ್ರೌಂಡ್ ಮೈಕ್ರೋಫೋನ್ ಎಂಬ ಉಪಕರಣವನ್ನು ಪೈಪಿನ ಜಾಡು ಹಿಡಿದು ಹೆಜ್ಜೆಹೆಜ್ಜೆಗೂ ನೆಲಕ್ಕಿಟ್ಟು, ಹೆಡ್‌ಫೋನ್ ಹಾಕಿಕೊಂಡು ಆಲಿಸಬೇಕು. ಸದ್ದು ಎಲ್ಲಿ ಜೋರೋ ಅಲ್ಲಿ ಸೋರಿಕೆ. ಹೇಳಲು ಇಷ್ಟೇ, ಮಾಡಲು ಹೋದರೆ ಬೆವರಿಳಿಯುತ್ತದೆ.

ತಿ. ನರಸೀಪುರದ ಒಂದು ಖಾಸಗಿ ಬಡಾವಣೆಯಿಂದ ಕರೆ ಬಂತು. ಕರೆದವರು ಅಲ್ಲಿನ ಅಂಗನವಾಡಿ ಕಾರ್ಯಕರ್ತೆ ಮಾದೇವಮ್ಮ. ಹೊಸದಾಗಿ ಕಟ್ಟಿಸಿದ ಮನೆ, ಅಡುಗೆಮನೆಯ ಗೋಡೆ ಸದಾ ಒದ್ದೆ, ನೆಲ ಕುಸಿದು ಗೋಡೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮಳೆಗಾಲಕ್ಕೆ ಮುಂಚೆ ನೀರು ನಿಲ್ಲದಿದ್ದರೆ ಆ ಗೋಡೆಯನ್ನು ನಂಬಿ ಒಳಗೆ ಮಲಗಬೇಡಿ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಬಡಾವಣೆಯ ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿಯವರು ಮಾತ್ರ, ಸೋರುತ್ತಿರುವುದು ಬೀದಿಯ ಪೈಪಲ್ಲ, ಆಕೆಯದೇ ನೀರಿನ ತೊಟ್ಟಿ ಎಂದು ಪಟ್ಟು ಹಿಡಿದಿದ್ದರು. ಆಕೆ ತೊಟ್ಟಿ ಪೂರ್ತಿ ಬರಿದು ಮಾಡಿ ತೋರಿಸಿದರೂ ಅವರು ಬಗ್ಗಲಿಲ್ಲ.

“ಕಾಂಕ್ರೀಟ್ ರಸ್ತೆ ಮಾಡಿ ಇನ್ನೂ ವರ್ಷ ಆಗಿಲ್ಲ ಮೇಡಮ್. ಒಂದೇ ಒಂದು ಗುಂಡಿಗೆ ಸಂಘ ಒಪ್ಪಿದೆ. ಅದ್ರಲ್ಲಿ ನೀರು ಸಿಗ್ಲಿಲ್ಲ ಅಂದ್ರೆ ಅವ್ರ ಮನೆ ಸಮಸ್ಯೆ ಅವ್ರಿಗೆ,” ಎಂದರು.

ಅಂದರೆ ನಾನು ತಪ್ಪು ಜಾಗ ತೋರಿಸಿದರೆ ಮಾದೇವಮ್ಮ ಮನೆ ಬಿಟ್ಟು ಹೊರಡಬೇಕು. ಅಷ್ಟು ಸರಳ, ಅಷ್ಟು ಕ್ರೂರ.

ಸಾಮಾನ್ಯವಾಗಿ ನಾವು ಊರು ಮಲಗಿದ ಮೇಲೆ ಆಲಿಸುತ್ತೇವೆ. ಇಲ್ಲಿ ಅದಕ್ಕೂ ಕಲ್ಲು ಬಿತ್ತು. ಆ ಬೀದಿಗೆ ನೀರು ಬಿಡುವುದು ಬೆಳಿಗ್ಗೆ ಒಂದೂವರೆ ಗಂಟೆ ಕಾಲ ಮಾತ್ರ. ಮಿಕ್ಕ ಹೊತ್ತು ಪೈಪಿನಲ್ಲಿ ಒತ್ತಡವೇ ಇರುವುದಿಲ್ಲ, ಒತ್ತಡವಿಲ್ಲದಿದ್ದರೆ ಸದ್ದೂ ಇಲ್ಲ. ಒಂದು ದಿನದ ನೀರನ್ನು ಉಳಿಸಿಕೊಂಡು ರಾತ್ರಿ ಬಿಡಿ ಎಂದು ಕೇಳಿದೆ. “ಹೆಂಗಸ್ರೆಲ್ಲ ಬಂದು ನಮ್ಮನೆ ಮುಂದೆ ಕೊಡ ಸಾಲಾಗಿಡ್ತಾರೆ,” ಎಂದು ಪುಟ್ಟಸ್ವಾಮಿಯವರು ಕೈ ಮುಗಿದರು. ನೀರು ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸುಗಳು, ಕಬ್ಬಿನ ಟ್ರ್ಯಾಕ್ಟರುಗಳು, ಶಾಲೆಯ ವ್ಯಾನುಗಳು. ಸಾಲದ್ದಕ್ಕೆ ಪ್ಲಾಸ್ಟಿಕ್ ಪೈಪು. ಕಬ್ಬಿಣದ ಪೈಪಿನಲ್ಲಿ ಸೋರಿಕೆ ಸುಯ್ಯೆಂದು ಕೂಗಿ ಹೇಳುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಗೊಣಗುತ್ತದೆ.

ಎರಡು ಬೆಳಿಗ್ಗೆ ಆಲಿಸಿದೆ. ಮೂರು ಜಾಗಗಳಲ್ಲಿ ಅನುಮಾನ ಬಂತು, ಒಂದರಲ್ಲೂ ಖಾತ್ರಿಯಾಗಲಿಲ್ಲ. ಪುಟ್ಟಸ್ವಾಮಿಯವರು ಗಡಿಯಾರ ನೋಡಿಕೊಂಡು, “ಯಾವ್ದಾದ್ರೂ ಒಂದ್ಕಡೆ ಗುರುತು ಹಾಕ್ಬಿಡಿ ಮೇಡಮ್, ನಿಮ್ ಫೀಸು ಕೊಟ್ಬಿಡ್ತೀವಿ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ನಾನು ರಂಗೋಲಿ ಬಿಡೋಕೆ ಬಂದಿಲ್ಲ ಸಾರ್,” ಎಂದು ಮೈಕು ಮಡಚಿಟ್ಟೆ. ಹೊರಡುವಾಗ ಗೇಟಿನ ಬಳಿ ನಿಂತಿದ್ದ ಮಾದೇವಮ್ಮನ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಮೈಕು ಚೆನ್ನಾಗಿಯೇ ಇತ್ತು. ಅದರ ಜೊತೆ ಬಂದ ಹೆಡ್‌ಫೋನ್ ಮಾತ್ರ ತೆಳ್ಳಗಿನ ಸ್ಪಂಜಿನದು. ಹೊರಗಿನ ಗದ್ದಲವೆಲ್ಲ ಕಿವಿಗೆ ನುಗ್ಗುತ್ತಿತ್ತು. ಒಳ್ಳೆಯದೊಂದು ಕೊಂಡರೆ ಹೇಗೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕಥೆಯೇ ಎಂಬ ಅಳುಕೂ ಇತ್ತು.

ಮೈಸೂರಿನ ಅಂಗಡಿಯವನು ಇದ್ದುದರಲ್ಲೇ ದುಬಾರಿಯದನ್ನು ನನ್ನ ತಲೆಗೆ ತೊಡಿಸಿದ. ನಲವತ್ತು ಸಾವಿರದ ಹತ್ತಿರ. ಹಾಡು ಹಾಕಿದಾಗ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸಿತು! ಸುಳ್ಳೇಕೆ, ಮನಸೋತೆ. ಪಕ್ಕದಲ್ಲಿ ಇನ್ನೊಂದಿತ್ತು, ಮೂವತ್ತು ಸಾವಿರಕ್ಕೆ ತುಸು ಕಡಿಮೆ. ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಬಟ್ಟಲುಗಳ, ನೋಡಲು ಎಮ್ಮೆಯಂಥ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್. ಡ್ರಮ್ ಬಾರಿಸುವವರು, ರೆಕಾರ್ಡಿಂಗ್ ಮಾಡುವವರು ಕೊಳ್ಳುತ್ತಾರಂತೆ. ಎರಡನ್ನೂ ಒಂದು ದಿನ ಕೊಡು, ಪೂರ್ತಿ ಹಣ ಇಟ್ಟು ಹೋಗುತ್ತೇನೆ ಎಂದೆ. ಹೇಗೋ ಒಪ್ಪಿದ.

ನಮ್ಮ ಯಜಮಾನರು ಬೆಲೆ ಕೇಳಿ, “ಅಷ್ಟು ದುಡ್ಡಿಗೆ ಒಂದು ಎಮ್ಮೆಕರ ಬತ್ತದೆ ಕಣೇ. ಮುಂದಕ್ಕೆ ಹಾಲಾದ್ರೂ ಕೊಡ್ತದೆ,” ಎಂದರು. ಗದ್ದಲದ ನಡುವೆ ಪರೀಕ್ಷಿಸಿ ನೋಡಲೆಂದು ನಾನು ಅವರನ್ನೇ ಬೈಕಿನಲ್ಲಿ ಹುಲ್ಲಹಳ್ಳಿಗೆ ಹೊರಡಿಸಿದೆ.

ಮೊದಲು ನಮ್ಮ ಹಿತ್ತಲಲ್ಲೇ ಪರೀಕ್ಷಿಸಿದ್ದೆ. ಅಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನಿಶ್ಶಬ್ದದಲ್ಲಿ ಎಲ್ಲರೂ ಜಾಣರೇ. ಹುಲ್ಲಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆಯೇ ನನ್ನ ನಾದಿನಿಯ ಮನೆ, ಅವತ್ತು ಸಂತೆ ಬೇರೆ. ಯಜಮಾನರು ಒಳಗೆ ಪೈಪಿನ ತುದಿಯ ನಲ್ಲಿಯ ಹತ್ತಿರ ನಿಂತು, ನನಗೆ ತಿಳಿಸದೆ ಅದನ್ನು ಸಣ್ಣಗೆ ಬಿಡುವುದು, ನಿಲ್ಲಿಸುವುದು. ಹೊರಗೆ ರಸ್ತೆಯಲ್ಲಿ ಪೈಪಿನ ಮೇಲೆ ಮೈಕಿಟ್ಟು ನಿಂತ ನಾನು, ನೀರಿನ ಸದ್ದು ಕೇಳಿದಾಗಲೆಲ್ಲ ಕೈ ಎತ್ತುವುದು. ನಾದಿನಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುವುದು.

ಹಳೆಯ ಹೆಡ್‌ಫೋನಿನಲ್ಲಿ ಲಾರಿ ಬಂದಾಗಲೂ ಕೈ ಎತ್ತಿದೆ. ದುಬಾರಿಯದರಲ್ಲಿ ಇನ್ನೂ ಚೆಂದ! ಅದು ಓಪನ್ ಬ್ಯಾಕ್ ಜಾತಿಯದು. ಸಂಗೀತ ಸಹಜವಾಗಿ ಕೇಳಲೆಂದು ಬಟ್ಟಲಿನ ಹಿಂಭಾಗವನ್ನು ಜಾಲರಿ ಮಾಡಿರುತ್ತಾರೆ, ಹೊರಗಿನ ಸದ್ದೆಲ್ಲ ಅದರ ಮೂಲಕ ಒಳಗೆ. ಕಂಡಕ್ಟರು “ನಂಜನ್ಗೂಡ್, ನಂಜನ್ಗೂಡ್” ಎಂದು ಕೂಗಿದ್ದು ಇಂಪಾಗಿ ಕೇಳಿಸಿತು, ನೀರು ಕೇಳಿಸಲಿಲ್ಲ. ಕೊನೆಗೆ ಆ ಎಮ್ಮೆಯಂಥದನ್ನು ತಲೆಗೇರಿಸಿದೆ. ಸಂತೆ ಬಾಗಿಲು ಹಾಕಿಕೊಂಡಂತಾಯಿತು. ಪೈಪಿನೊಳಗಿನ ಗೊಣಗಾಟ ಬಂತು, ನಿಂತಿತು, ಮತ್ತೆ ಬಂತು. ಕೈ ಎತ್ತಿದೆ, ಇಳಿಸಿದೆ.

ನಾದಿನಿ ಕೂಗಿಕೊಂಡಳು: “ಒಂದ್ಸಲಾನೂ ತಪ್ಪಲಿಲ್ವಲ್ಲ ಅತ್ತಿಗೆ!”

ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದರು. “ಕೊಂಡ್ಕೋ ಕಣೇ. ಕರ ಆಮೇಲೆ ನೋಡವಾ.”

ಆ ವಾರವೇ ತಿ. ನರಸೀಪುರಕ್ಕೆ ಮೂರನೆಯ ಸಲ ಹೋದೆ. ನೀರು ಬಿಟ್ಟರು, ಬಸ್ಸುಗಳೂ ಬಂದವು. ಮೊದಲು ಅನುಮಾನಪಟ್ಟಿದ್ದ ಮೂರು ಜಾಗಗಳಲ್ಲೂ ಈಗ ಏನೂ ಇರಲಿಲ್ಲ, ಅವೆಲ್ಲ ಬಸ್ಸಿನ ಪ್ರತಾಪ. ಬೀದಿಯ ಏರಿನ ಕಡೆಗೆ ನಡೆಯುತ್ತ ಹೋದಂತೆ ಸದ್ದು ಹುಟ್ಟಿತು, ಬೆಳೆಯಿತು, ಮಾದೇವಮ್ಮನ ಮನೆಯಿಂದ ಐದು ಮನೆ ಆಚೆ ತುಂಬಿಕೊಂಡಿತು. ಅದನ್ನು ದಾಟಿದರೆ ಕ್ಷೀಣ. ಹಿಂದೆ ಬಂದು ಮತ್ತೆ ಆಲಿಸಿದೆ. ಅಲ್ಲೇ. ಬಿಳಿ ಬಣ್ಣದಿಂದ ದೊಡ್ಡದಾಗಿ ಗುರುತು ಹಾಕಿದೆ.

“ಐದು ಮನೆ ಆಚೆ ಸೋರಿದ್ರೆ ಇವ್ರ ಗೋಡೆ ಹೆಂಗ್ ಒದ್ದೆಯಾಗುತ್ತೆ ಮೇಡಮ್? ನಂಬೋ ಮಾತಾ ಇದು?” ಪುಟ್ಟಸ್ವಾಮಿಯವರು ಗುರುತಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಪೈಪಿನ ಕೆಳಗೆ ಮರಳು ಹಾಸಿರ್ತಾರೆ ಸಾರ್. ನೀರು ಆ ಮರಳಲ್ಲೇ ಇಳಿಜಾರು ಹಿಡಿದು ಹೋಗುತ್ತೆ. ಬೀದಿಗೆಲ್ಲ ತಗ್ಗಿನ ಮನೆ ಇವರದು. ಅಗೆಸಿ.”

ನೀರು ನಿಲ್ಲಿಸದೆಯೇ ಅಗೆದರು. ಕಾಂಕ್ರೀಟ್ ಒಡೆಯಿತು. ಮೊಣಕಾಲುದ್ದ ಅಗೆದರೂ ಮಣ್ಣು ಒಣಗಿಯೇ ಇತ್ತು. ಸೇರಿದ್ದ ಜನ ಪಿಸುಗುಟ್ಟತೊಡಗಿದರು. ಮಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ಗುಂಡಿಯ ಅಂಚು ಬಿಟ್ಟು ಕದಲಲಿಲ್ಲ. “ಇನ್ನೂ ಕೆಳಕ್ಕೆ,” ಎಂದೆ. ಸೊಂಟದ ಮಟ್ಟಕ್ಕೆ ಬಂದಾಗ ಸಲಿಕೆಗೆ ಕೆಸರು ಅಂಟಿತು. ಮತ್ತೆರಡು ಪೆಟ್ಟಿಗೆ ನೀರು ಚಿಮ್ಮಿ ಅಗೆಯುವವನ ಮುಖ ತೋಯಿಸಿತು. ಮನೆಯೊಂದಕ್ಕೆ ನಲ್ಲಿ ಎಳೆದಿದ್ದ ಕಡೆ ಜೋಡಣೆ ಸೀಳಿತ್ತು.

“ಬಂತು ಕಣ್ಲಾ, ಬಂತು!” ಎಂದು ಯಾರೋ ಕೂಗಿದರು. ಇಡೀ ಬೀದಿ ಚಪ್ಪಾಳೆ ತಟ್ಟಿತು. ನನಗಾದ ಖುಷಿಯನ್ನು ಮುಚ್ಚಿಡುವಷ್ಟು ದೊಡ್ಡವಳು ನಾನಲ್ಲ, ನಾನೂ ತಟ್ಟಿದೆ. ಪುಟ್ಟಸ್ವಾಮಿಯವರು ಗುಂಡಿಗೆ ಬಗ್ಗಿ ನೋಡಿ, “ಮಾದೇವಮ್ಮ, ಗೋಡೆ ರಿಪೇರಿ ಸಂಘದ್ದೇ,” ಎಂದರು. ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು.

ಜೋಡಣೆ ಸರಿಪಡಿಸಿದ ಮರುದಿನ ಮತ್ತೆ ಹೋದೆ. ನೀರು ಬಿಡಿಸಿ, ಎಲ್ಲರ ಮನೆಯ ನಲ್ಲಿ ನಿಲ್ಲಿಸಿ, ಬೀದಿಯುದ್ದಕ್ಕೂ ಆಲಿಸಿದೆ. ಮಾದೇವಮ್ಮ ಹಿಂದೆಯೇ ಬರುತ್ತಿದ್ದರು. ಅವರ ಮನೆಯ ಮುಂದೆ ನಿಂತು, ಹೆಡ್‌ಫೋನ್ ತೆಗೆದು ಅವರ ಕಿವಿಗಿಟ್ಟೆ. ಪಕ್ಕದಲ್ಲೇ ಬಸ್ಸೊಂದು ಅರಚಿಕೊಂಡು ಹೋಯಿತು.

ಅವರು ಗಾಬರಿಯಾದರು. “ಏನೂ ಕೇಳಕ್ಕಿಲ್ವಲ್ಲ ಮೇಡಮ್ಮೋರೆ! ಕೆಟ್ಟೋಯ್ತಾ?”

ಒಂದು ಕಿವಿಯ ಬಟ್ಟಲು ಸರಿಸಿ ಹೇಳಿದೆ: “ಕೆಟ್ಟಿಲ್ಲ ಕಣವ್ವ. ಈಗ ಕೇಳೋಕೆ ಏನೂ ಉಳಿದಿಲ್ಲ.”

ಮಾದೇವಮ್ಮ ಅದನ್ನು ತೆಗೆಯಲಿಲ್ಲ. ಎರಡೂ ಕೈಗಳಿಂದ ಬಟ್ಟಲುಗಳನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಮ್ಮ ಮನೆಯ ಮುಂದೆ ಹಾಗೇ ನಿಂತರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಮುಖ ನಗುತ್ತಿತ್ತು.

ಇಷ್ಟು ಹಣ ಕೊಟ್ಟು ಹೆಡ್‌ಫೋನ್ ಕೊಳ್ಳಬಹುದೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಬೇಡಿ, ನಿಮಗೆ ಬೇಕಾದ ಸದ್ದು ಇರುವ ಜಾಗಕ್ಕೆ ಒಯ್ದು ಕೇಳಿ ಎನ್ನುತ್ತೇನೆ. ಅಲ್ಲಿ ಕೇಳಿಸದಿದ್ದರೆ ಪುಕ್ಕಟೆಯಾಗಿ ಕೊಟ್ಟರೂ ಅದು ದಂಡ. ಕೇಳಿಸಿತೋ, ಬೆಲೆಗೆ ಹೆದರಬೇಡಿ. ನನ್ನದರ ಅಸಲು ಆ ಬೆಳಿಗ್ಗೆ ಮಾದೇವಮ್ಮನ ಕಿವಿಯಲ್ಲೇ ಹುಟ್ಟಿತು.