ಬೆನ್ನ ಹಿಂದಿನ ಮಾತು

ಅಚ್ಚಿನ ಲೋಕದಲ್ಲಿ ಎರಡು ಬಗೆಯ ಗೆರೆಗಳಿವೆ. ಕಿರುಗೆರೆ ಎರಡು ಪದಗಳನ್ನು ಗಂಟು ಹಾಕುತ್ತದೆ. ಉದ್ದಗೆರೆ ಎರಡು ಮಾತುಗಳ ನಡುವೆ ಉಸಿರು ಬಿಡುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆಯೂ ಕೋಟ್ಯಂತರ ಜನ ಮದುವೆಯಾಗಿ, ಮನೆ ಕಟ್ಟಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಸುಖವಾಗಿದ್ದಾರೆಂಬುದನ್ನು ನಾನು ಬಲ್ಲೆ. ಆದರೆ ಮೂವತ್ತನಾಲ್ಕು ವರ್ಷ ಅಚ್ಚುಕೂಟಗಳಲ್ಲಿ ಕರಡು ತಿದ್ದಿ ಕಣ್ಣು ಸವೆಸಿಕೊಂಡ ನನ್ನಂಥವನಿಗೆ ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಲಗ್ನಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಪ್ಪುಗಳನ್ನು ಓದುತ್ತೇನೆ. ಯಶವಂತಪುರದಲ್ಲಿ ಒಮ್ಮೆ 'ಶುದ್ದ ಸಸ್ಯಹಾರಿ' ಎಂಬ ಫಲಕದ ಕೆಳಗೆ ನಿಂತು, ಎರಡು ಪದಕ್ಕೆ ಎರಡು ತಪ್ಪು ಮಾಡಿದವನು ಇಡ್ಲಿಯಲ್ಲಿ ಎಷ್ಟು ಮಾಡಿರಬಹುದೆಂದು ಹೆದರಿ, ಹಸಿದ ಹೊಟ್ಟೆಯಲ್ಲೇ ಮನೆಗೆ ಮರಳಿದ್ದೂ ಉಂಟು. "ನಿಮ್ಮನ್ನ ಕಟ್ಕೊಂಡಿದ್ದೊಂದು ತಪ್ಪಾಯ್ತಲ್ಲ, ಅದನ್ನ ಯಾರ್ರೀ ತಿದ್ತಾರೆ?" ಎಂದು ನನ್ನಾಕೆ ಆಗಾಗ ಕೇಳುತ್ತಿರುತ್ತಾಳೆ.

ಇಂಥ ನನಗೆ ನಿವೃತ್ತಿಯ ನಂತರ ದೊರೆತ ಪರಮಮಿತ್ರನೆಂದರೆ ಕಂಪ್ಯೂಟರಿನೊಳಗಿನ ಕರಿ ಕಿಟಕಿ. ಹಳೆಯ ಕ್ಯಾಸೆಟ್ಟುಗಳ ಹರಿಕಥೆಯನ್ನು ಫೋನಿಗಿಳಿಸಿಕೊಳ್ಳಲು ಹೊರಟವನಿಗೆ ಅದರ ಪರಿಚಯವಾಯಿತು. ಅಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಏನು ಬೇಕೋ ಅದನ್ನು ಒಂದು ಸಾಲಿನಲ್ಲಿ ಬರೆದು ಒಪ್ಪಿಸಬೇಕು. ಹೆಸರಿಗೆ ಆಜ್ಞೆ, ವಾಸ್ತವದಲ್ಲಿ ಬಿನ್ನಹ! ಒಂದಕ್ಷರ ಆಚೀಚೆಯಾದರೆ ಕರಿ ಕಿಟಕಿ ಮುಖ ತಿರುಗಿಸುತ್ತದೆ. ಕಾಗುಣಿತ ತಪ್ಪಿದರೆ ಸಿಡಿಮಿಡಿಗೊಳ್ಳುವ ಜೀವ ಈ ಭೂಮಂಡಲದಲ್ಲಿ ನಾನೊಬ್ಬನೇ ಎಂದು ಕೊರಗುತ್ತಿದ್ದವನಿಗೆ ಕಡೆಗೂ ಒಬ್ಬ ಸಮಾನಶೀಲನು ಸಿಕ್ಕ ಹಾಗಾಯಿತು. ಹರಿಕಥೆಯ ಸುದ್ದಿ ಬೀದಿಯಲ್ಲಿ ಹಬ್ಬಿ, ನಾನು ಕಂಪ್ಯೂಟರ್ ಪಂಡಿತನೆಂಬ ಅಪಖ್ಯಾತಿಯೂ ಜತೆಗೆ ಬಂತು.

ಎದುರುಮನೆಯ ಮುನಿರತ್ನಮ್ಮನವರು ಪೆನ್‌ಡ್ರೈವ್ ಒಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮುಂದಿಟ್ಟದ್ದು ಆ ಅಪಖ್ಯಾತಿಯನ್ನು ನಂಬಿ. ಯಲಹಂಕದ ಬಳಿಯ ನಮ್ಮ ಸಿಂಗಾಪುರ ಬಡಾವಣೆಯಾಗುವ ಮೊದಲು ಹಳ್ಳಿಯಾಗಿತ್ತಲ್ಲ, ಆ ಹಳ್ಳಿಯ ಮೂಲನಿವಾಸಿಗಳು ಅವರು. ಗಂಡ ಮುನಿಯಪ್ಪನವರು ತೀರಿಕೊಂಡು ಐದು ವರ್ಷವಾಗಿತ್ತು. ಅವರ ವಂಶದ್ದು ನೀರುಗಂಟಿಯ ಕೆಲಸ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದವರು. ಗದ್ದೆಗಳು ಸೈಟುಗಳಾದ ಮೇಲೆ ಹಂಚಲು ನೀರಿಲ್ಲದೆ ಮುನಿಯಪ್ಪನವರು ಮೋಟಾರು ರಿಪೇರಿ ಕಲಿತಿದ್ದರು.

"ಸಾರ್, ನಮ್ ಯಜಮಾನ್ರ ವಿಡಿಯೋ ಐತೆ. ಮನೆ ಒಕ್ಲಾದಾಗ ತೆಗ್ದಿದ್ದು. ಸದ್ದು ಬತ್ತದೆ, ಚಿತ್ರ ಬರ್ತಿಲ್ಲ. ಕಂಪ್ಯೂಟ್ರು ಕೊಡಕ್ಕಾಗಲ್ಲ ಅಂತದಂತೆ" ಎಂದರು.

ಕಂಪ್ಯೂಟರು ಹೇಳಿದ್ದು 'ಕೋಡೆಕ್ ಇಲ್ಲ' ಎಂದು. ಆದರೆ ಆ ಪದಕ್ಕೆ ಇದಕ್ಕಿಂತ ಸಮರ್ಪಕವಾದ ಕನ್ನಡ ಅನುವಾದವನ್ನು ನಾನು ಇನ್ನೂ ಕಂಡಿಲ್ಲ. ವಿಡಿಯೋ ಎಂಬುದು ಒಂದೇ ಲಕೋಟೆಯಲ್ಲಿಟ್ಟ ಎರಡು ಕಾಗದ: ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಸದ್ದು. ಪ್ರತಿಯೊಂದನ್ನೂ ಯಾವುದಾದರೂ ಲಿಪಿಯಲ್ಲಿ ಮಡಿಸಿಡಬೇಕು. ಮಡಿಸಿ ಬಿಚ್ಚುವ ಆ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಈ ಲಕೋಟೆಯಲ್ಲಿ ಸದ್ದಿನ ಲಿಪಿ ಸರ್ವರಿಗೂ ತಿಳಿದದ್ದು. ಚಿತ್ರದ ಲಿಪಿ ಮಾತ್ರ ಕ್ಯಾಮೆರಾ ಮಾಡಿದ ಕಂಪನಿಯ ಸ್ವಂತದ್ದು. ಬೇರೆ ಯಾರೂ ಓದಕೂಡದೆಂದು ಬೀಗ ಹಾಕಿ ಬೀಗದ ಕೈಯನ್ನು ಜೇಬಿಗಿಳಿಸಿಕೊಂಡ ಆ ಕಂಪನಿ, ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿತ್ತು. ಒಡೆಯ ಹೋದ, ಬೀಗ ಉಳಿಯಿತು.

ಮುನಿರತ್ನಮ್ಮನವರು ನನಗಿಂತ ಮೊದಲು ಯಲಹಂಕದ ಒಬ್ಬ ಸ್ಟುಡಿಯೋದವನ ಬಳಿ ಹೋಗಿದ್ದರು. ಪಾಪ, ಒಳ್ಳೆಯ ಮನುಷ್ಯನಿರಬೇಕು. ಚಿತ್ರ ತೆರೆಯಲಾಗದೆ ಸದ್ದನ್ನಷ್ಟೇ ಸೋಸಿ, "ವಾಯ್ಸ್ ಕ್ಲಿಯರ್ ಮಾಡಿ ಕೊಟ್ಟಿದೀನಿ ಅಮ್ಮ, ಅಪ್ಪನ ದನಿಯಾದ್ರೂ ಮಗಳು ಕೇಳಲಿ" ಎಂದು ಕೊಟ್ಟು ಕಳಿಸಿದ್ದ. ಆ ಮಗಳು ಶೋಭಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ.

ಶೋಭಾ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬ್ಲೌಸಿನ ಅಳತೆಯಲ್ಲಿ ಎಷ್ಟು ಕಟ್ಟುನಿಟ್ಟೋ ಮುಂಗೋಪದಲ್ಲೂ ಅಷ್ಟೇ. ಹೇಳಿದ ದಿನಕ್ಕೆ ಬಾರದ ಗಿರಾಕಿಯನ್ನು ಅವಳು ಹುಬ್ಬಿನಲ್ಲೇ ಬೈಯುವುದನ್ನು ನೋಡಿದರೆ ನಾಲಗೆಯಿರುವ ನಮಗೆಲ್ಲ ನಾಚಿಕೆಯಾಗಬೇಕು. ಅವಳೊಡನೆ ನಮ್ಮ ವ್ಯವಹಾರವೆಲ್ಲ ಬರಹದಲ್ಲಿ: ಬಟ್ಟೆ ಕತ್ತರಿಸುವ ಕರಿ ಮೇಜೇ ಹಲಗೆ, ದರ್ಜಿಯ ಸೀಮೆಸುಣ್ಣವೇ ಲೇಖನಿ. ಶಾಲೆಯಲ್ಲಿ ಕಲಿತ ಸನ್ನೆಭಾಷೆ ಅವಳಿಗೆ ಬರುತ್ತದೆ, ಗೆಳತಿಯರೊಡನೆ ಫೋನಿನಲ್ಲಿ ಮುಖ ನೋಡಿಕೊಂಡು ಕೈತುಂಬ ಹರಟುತ್ತಾಳೆ. ಆದರೆ ಅದಕ್ಕೂ ಮೊದಲು, ಕೂಸಾಗಿದ್ದಾಗಿನಿಂದ, ಅಪ್ಪ-ಮಗಳು ತಾವೇ ಕಟ್ಟಿಕೊಂಡ ಇನ್ನೊಂದು ಭಾಷೆಯಿತ್ತು. ಅದರಲ್ಲಿ ಮೂಗಿನ ಬದಿ ಚಿವುಟಿದರೆ ಅಮ್ಮ, ಅಂದರೆ ಮೂಗುಬೊಟ್ಟು. ಗಲ್ಲ ಊದಿಸಿದರೆ ಹುಣಸಮಾರನಹಳ್ಳಿಯ ದಪ್ಪ ಚಿಕ್ಕಪ್ಪ. ಅದು ಇಡೀ ಜಗತ್ತಿನಲ್ಲಿ ಇಬ್ಬರೇ ಆಡುತ್ತಿದ್ದ ಭಾಷೆ. "ನಂಗೆ ಉಣ್ಣು, ಬಾ, ಮಲಿಕ್ಕೋ, ಇಷ್ಟೇ ಬರದು ಸಾರ್. ಮಿಕ್ಕಿದ್ದೆಲ್ಲ ಅವರವರೇ ಗುಸುಗುಸು" ಎಂದು ಮುನಿರತ್ನಮ್ಮನವರು ಒಪ್ಪಿಕೊಂಡರು. ಕನ್ನಡ ಉಳಿಸುವ ಸಭೆಗಳಲ್ಲಿ ಕೂತು ಎದ್ದು ಚಪ್ಪಾಳೆ ತಟ್ಟಿ ಬಂದವನು ನಾನು. ಒಬ್ಬಳೇ ಭಾಷಿಕಳು ಉಳಿದಿರುವ ಭಾಷೆಯೊಂದು ನನ್ನ ಮನೆಯ ಎದುರಿಗೇ ಹೊಲಿಗೆ ಯಂತ್ರ ತುಳಿಯುತ್ತಿದ್ದುದು ಅಲ್ಲಿಯವರೆಗೂ ತಿಳಿದಿರಲಿಲ್ಲ.

ವಿಡಿಯೋದಲ್ಲಿ ಅವಳಿಗೆ ಬೇಕಾಗಿದ್ದುದು ಒಂದು ಗಳಿಗೆ. ಒಲೆಯ ಮೇಲೆ ಹಾಲು ಉಕ್ಕಿದಾಗ ಅವಳು ಕ್ಯಾಮೆರಾಗೆ ಮುಖ ಕೊಟ್ಟು ನಿಂತಿದ್ದಳಂತೆ. ಹಿಂದೆ ನಿಂತಿದ್ದ ಅಪ್ಪ ಎರಡೂ ಕೈ ಎತ್ತಿ ಅವಳನ್ನು ಹರಸಿ, ಬೆರಳು ತಿರುವಿ ದೃಷ್ಟಿ ತೆಗೆದರಂತೆ. ನೆಂಟರೆಲ್ಲ ಕಣ್ಣಾರೆ ಕಂಡು ಹೇಳಿದ್ದು. ನಮ್ಮ ಬೆನ್ನ ಹಿಂದೆ ಯಾರಾದರೂ ಮಾತಾಡಿದರೆ ನಮಗೆ ಕಿವಿಯಾದರೂ ಇದೆ. ಕಣ್ಣಿನಲ್ಲಿ ಕೇಳುವವಳಿಗೆ ಬೆನ್ನ ಹಿಂದಿನದು ಆಡದ ಮಾತಿಗೆ ಸಮ. ಅವಳು ಮೇಜಿನ ಮೇಲೆ ಬರೆದಳು: 'ಅಪ್ಪನ ಬಾಷೆ ಮರ್ತು ಹೋಗ್ತಾ ಇದೆ. ಒಂದ್ಸಲ ನೋಡ್ಬೇಕು.'

ಓದುಗ ಮಹಾಶಯರೇ, ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಬೈಯಿರಿ. ಸೀಮೆಸುಣ್ಣ ತೆಗೆದುಕೊಂಡು 'ಬಾಷೆ'ಯ ಹೊಟ್ಟೆ ಸೀಳಿ 'ಭಾಷೆ' ಮಾಡಿದೆ! ಕೈ ತಾನಾಗಿ ಹೋಯಿತು, ದೇವರಾಣೆಗೂ ನಾನು ಕಳಿಸಲಿಲ್ಲ. ಶೋಭಾ ನನ್ನ ಮುಖವನ್ನೊಮ್ಮೆ, ಅಕ್ಷರವನ್ನೊಮ್ಮೆ ನೋಡಿ, ಕೆಳಗೆ ಬರೆದಳು: 'ಅರ್ತ ಆಯ್ತಲ್ಲ?' ಆಯಿತೆಂದು ತಲೆಯಾಡಿಸಿ, ಪೆನ್‌ಡ್ರೈವ್ ಹಿಡಿದುಕೊಂಡು ಕಳ್ಳನಂತೆ ಮನೆಗೆ ಬಂದೆ.

ಲೋಕದಲ್ಲಿ ಕೆಲವು ಪುಣ್ಯಾತ್ಮರಿದ್ದಾರೆ. ಎಲ್ಲೆಲ್ಲೋ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಸಂಬಳ ಸಾರಿಗೆ ಏನೂ ಇಲ್ಲದೆ, ಇಂಥ ಅನಾಥ ಬೀಗಗಳಿಗೆ ಕೀಲಿಕೈ ಮಾಡುವುದನ್ನೇ ವ್ರತ ಹಿಡಿದವರು. ನಮ್ಮ ಕ್ಯಾಮೆರಾದ ಲಿಪಿಯನ್ನೂ ಅವರಲ್ಲೊಬ್ಬ ಬಿಡಿಸಿದ್ದನೆಂದು ಹುಡುಕಿ ತಿಳಿದಾಗ, ಯಾವ ದೇಶದವನೋ, ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಆ ಬೀಗದ ಕೈ ಸೇರಿದ ಹೊಸ ಉಪಕರಣವನ್ನು ಇಳಿಸಿಕೊಂಡೆ. ಮಿಕ್ಕಿದ್ದು ಒಂದೇ ಸಾಲು: ಈ ಕಡತವನ್ನು ತೆಗೆದುಕೋ, ಚಿತ್ರವನ್ನು ಹಳೆಯ ಲಿಪಿಯಿಂದ ಎಲ್ಲರೂ ಓದಬಲ್ಲ ಲಿಪಿಗೆ ಬದಲಿಸು, ಸದ್ದನ್ನು ಜತೆಗಿಡು. ಸಾಲನ್ನು ಅಂತರಜಾಲದಿಂದ ನಕಲು ಮಾಡಿ ಕರಿ ಕಿಟಕಿಗೆ ಒಪ್ಪಿಸಿದೆ. ಆಗದು ಎಂದಿತು. ಮತ್ತೆ ಒಪ್ಪಿಸಿದೆ. ಆಗದು. ಹೀಗೆ ಒಂಬತ್ತು ದಿನ!

ಶೋಭಾ ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದವಳೇ ನನ್ನ ಕಿಟಕಿಯತ್ತ ಹುಬ್ಬು ಹಾರಿಸಿ ಕೇಳುವಳು. ನಾನು ಬೆರಳಲ್ಲಿ 'ಇನ್ನೆರಡು ದಿನ' ಎನ್ನುವೆ.

ಒಂಬತ್ತನೆಯ ದಿನ ಭೂತಗನ್ನಡಿ ಹಿಡಿದು ನೋಡಿದಾಗ ಹೊಳೆಯಿತು. ಆ ಸಾಲನ್ನು ನಾನು ಮೊದಲು ನನ್ನ ಟಿಪ್ಪಣಿ ಕಡತದಲ್ಲಿ ಅಂಟಿಸಿಕೊಂಡಿದ್ದೆ. ಅದರಲ್ಲಿದ್ದ ಕಿರುಗೆರೆಗಳ ಹಿಂದೆ ಖಾಲಿ ಜಾಗವಿತ್ತು. ಖಾಲಿ ಜಾಗದ ನಂತರ ಬರುವುದು ಉದ್ದಗೆರೆಯೆಂಬುದು ಮುದ್ರಣಶಾಸ್ತ್ರದ ಮೊದಲ ಪಾಠವಾದ್ದರಿಂದ, ಇದನ್ನು ಬರೆದವನು ಅನಕ್ಷರಸ್ಥನೆಂದು ಮರುಗಿ, ಅಷ್ಟನ್ನೂ ಶ್ರದ್ಧೆಯಿಂದ ಉದ್ದಗೆರೆಯಾಗಿ ತಿದ್ದಿಟ್ಟಿದ್ದೆ. ಕರಿ ಕಿಟಕಿಗೆ ಬೇಕಿದ್ದದ್ದು ಕಿರುಗೆರೆಯೇ. ಸಮಾನಶೀಲರ ಸ್ನೇಹದಲ್ಲಿ ಇದೊಂದು ತೊಂದರೆ. ಗೆರೆಗಳನ್ನು ಮೊದಲಿನಂತೆ ಮಾಡಿ ಒಪ್ಪಿಸಿದೆ. ಸಂಖ್ಯೆಗಳು ಓಡತೊಡಗಿದವು, ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು, ಕಾಫಿ ಕುಡಿದು ಬರುವಷ್ಟರಲ್ಲಿ ಮುನಿಯಪ್ಪನವರು ಬಿಳಿ ಪಂಚೆಯುಟ್ಟು ಪರದೆಯ ಮೇಲೆ ನಿಂತಿದ್ದರು. ನಾನು ಕುರ್ಚಿಯಿಂದೆದ್ದು ನಮಸ್ಕಾರ ಮಾಡಿದೆ. ಸಂತೋಷಕ್ಕೆ ಅಳು ಬಂತು, ಸುಳ್ಳೇಕೆ ಹೇಳಲಿ.

ಆಗಲೇ ಎದ್ದು ರಸ್ತೆ ದಾಟಿದ್ದರೆ ಮುಗಿಯುತ್ತಿತ್ತು. ಆದರೆ ಸದ್ದು ಚಿತ್ರಕ್ಕಿಂತ ಒಂದು ಉಸಿರಿನಷ್ಟು ಹಿಂದಿತ್ತು! ಪುರೋಹಿತರ ಬಾಯಿ ಮುಚ್ಚಿದ ಮೇಲೆ ಮಂತ್ರ ಬರುತ್ತಿತ್ತು. ಸಾಲದೆಂಬಂತೆ ಹಾಲುಕ್ಕುವ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಜೊರ್ರೆಂಬ ಕೆಟ್ಟ ಗದ್ದಲ. ಇಂಥ ಕರಡನ್ನು ಯಾವ ಮುಖ ಹೊತ್ತು ಕೊಡುವುದು? ಸದ್ದನ್ನು ಹಿಂದೆ ಸರಿಸಿ, ಮುಂದೆ ಸರಿಸಿ, ಗದ್ದಲವನ್ನು ಸೋಸಿ, ಮತ್ತೆ ನಾಲ್ಕು ದಿನ ಕಳೆದೆ. ಎದುರು ಅಂಗಡಿಯ ಹುಬ್ಬು ಕೇಳುವುದನ್ನು ನಿಲ್ಲಿಸಿತ್ತು. ನನ್ನಾಕೆ ಹಿಂದೆ ಬಂದು ನಿಂತು, ನಾನು ಹತ್ತನೆಯ ಬಾರಿ ಮಂತ್ರವನ್ನು ಪುರೋಹಿತರ ತುಟಿಗೆ ಅಂಟಿಸುತ್ತಿದ್ದುದನ್ನು ನೋಡಿ, "ಆ ಹುಡುಗಿಗೆ ಕಿವಿನೇ ಕೇಳಲ್ಲ ಕಣ್ರೀ. ಇದನ್ನೆಲ್ಲ ಯಾರಿಗ್ ತಿದ್ತಾ ಕೂತಿದೀರಾ?" ಎಂದಳು.

ಕರಡು ತಿದ್ದುವವನು ಓದುಗನನ್ನು ಮರೆಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ಕಂಪ್ಯೂಟರನ್ನು ಇದ್ದ ಹಾಗೆ ಎತ್ತಿಕೊಂಡು, ನನ್ನಾಕೆಯನ್ನೂ ಕರೆದುಕೊಂಡು ರಸ್ತೆ ದಾಟಿದೆ.

ಬಟ್ಟೆಗಳನ್ನು ಸರಿಸಿ ಮೇಜಿನ ಮೇಲಿಟ್ಟೆವು. ಶೋಭಾ ಮುಖ ಬಿಗಿದುಕೊಂಡೇ ಕುಳಿತಳು. ಮುನಿರತ್ನಮ್ಮನವರು ಸೆರಗು ಸರಿಮಾಡಿಕೊಂಡು ನಿಂತರು, ಗಂಡನೆದುರು ಕೂರುವುದು ಹೇಗೆಂಬಂತೆ. ಹಾಲು ಉಕ್ಕಿತು. ಪರದೆಯ ಮೇಲಿನ ಹರೆಯದ ಶೋಭಾ ಕ್ಯಾಮೆರಾ ನೋಡಿ ನಕ್ಕಳು. ಹಿಂದೆ ಮುನಿಯಪ್ಪನವರು, ಅವಳು ಈಗ ತಿರುಗುತ್ತಾಳೆಂಬಂತೆ, ಎರಡೂ ಅಂಗೈಗಳನ್ನು ಸಮನಾಗಿ ಎದೆಯೆತ್ತರಕ್ಕೆ ಏರಿಸಿ, ಬೆರಳುಗಳನ್ನು ಮುಂದಕ್ಕೆ ಉದುರಿಸಿ, ಆಮೇಲೆ ತೋರುಬೆರಳನ್ನು ಚಟ್ಟನೆ ಕೆಳಗೆ ಮಾಡಿದರು. "ನೋಡಿ, ಅರ್ಸಿದ್ರು" ಎಂದು ಮುನಿರತ್ನಮ್ಮನವರು ಕೈ ಮುಗಿದರು.

ಶೋಭಾ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಮೂರನೆಯ ಬಾರಿ ನೋಡಿದವಳು ಮೇಜಿಗೆ ಹಣೆ ಹಚ್ಚಿದಳು, ಭುಜ ಅದುರುತ್ತಿತ್ತು. ಅಳುತ್ತಿದ್ದಾಳೆಂದು ನನ್ನಾಕೆ ಬೆನ್ನ ಮೇಲೆ ಕೈಯಿಟ್ಟರೆ, ಅವಳು ಎತ್ತಿದ ಮುಖದಲ್ಲಿ ನಗು ತಡೆಯಲಾಗದೆ ಕಣ್ಣೀರು ಸುರಿಯುತ್ತಿತ್ತು. ಸೀಮೆಸುಣ್ಣ ತಡಕಿ ಬರೆದಳು: 'ಆಶಿರ್ವಾದ ಅಲ್ಲ. ಕೋಡಿ.'

ಕೆರೆ ತುಂಬಿ ನೀರು ಅಂಚು ಮೀರಿ ಹರಿದರೆ ಕೋಡಿ ಬಿತ್ತು ಎನ್ನುತ್ತಾರಲ್ಲ, ಆ ಕೋಡಿ. ನೀರುಗಂಟಿಯ ಮನೆಯಲ್ಲಿ ತಲತಲಾಂತರದ ಮಾತು. ಅಪ್ಪ-ಮಗಳ ಭಾಷೆಯಲ್ಲಿ ಅದೇ ತಾರಸಿಯ ಟ್ಯಾಂಕಿಗೂ ಬಳಕೆಯಾಗಿತ್ತು. ಅವಳು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಟ್ಯಾಂಕ್ ತುಂಬಿದೆ. ಮೋಟರ್ ಆಪ್ ಮಾಡು.'

ನಾಲ್ಕು ದಿನ ನಾನು ಜರಡಿ ಹಿಡಿದು ಸೋಸಿದ ಆ ಜೊರ್ರೆಂಬ ಗದ್ದಲ, ಹೊಸ ಮನೆಯ ತಾರಸಿಯಿಂದ ಧುಮುಕುತ್ತಿದ್ದ ನೀರು! 'ಹೌದು, ನೀರಿನ ಸದ್ದಿದೆ, ನಾನು ಕೇಳಿದ್ದೇನೆ' ಎಂದು ಅವಳ ಸಾಲಿನ ಕೆಳಗೆ ಬರೆದೆ. ಅವಳು ಅದನ್ನು ಎರಡು ಸಲ ಓದಿದಳು.

"ಅಯ್ಯೋ, ಈವಯ್ಯನ ಮನೆ ಕಾಯ್ವಾಗ! ಮನೆ ಒಕ್ಲಲ್ಲೂ ಮೋಟ್ರು ಚಿಂತೆ ನೋಡಿ" ಎಂದು ಮುನಿರತ್ನಮ್ಮನವರು ಸೆರಗಿನಲ್ಲಿ ಮೂಗೊರೆಸಿಕೊಂಡು ನಕ್ಕರು. ನಗು ಅಡಗಿದ ಮೇಲೆ ಶೋಭಾ ಮತ್ತೊಮ್ಮೆ ಅದೇ ಜಾಗಕ್ಕೆ ಓಡಿಸಿದಳು. ಅಪ್ಪನ ಕೈ ಏರಿ, ಉದುರಿ, ಬೆರಳು ಕೆಳಗಾಯಿತು. ಅವಳು ಪರದೆಗೆ ನೇರವಾಗಿ ಕುಳಿತು, ತನ್ನ ತೋರುಬೆರಳನ್ನು ಚಟ್ಟನೆ ಕೆಳಗೆ ಮಾಡಿ, ಅಂಗೈ ಬಿಚ್ಚಿ ತೋರಿಸಿದಳು. ಆಫ್ ಮಾಡಿದೆ ಅಪ್ಪ, ಎಂದು. ಅದನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ.

ಹರಕೆಯೆಂದು ಕಾದಿದ್ದು ಹರಕೆಯಾಗಿರಲಿಲ್ಲವೆಂದು ಅವಳಿಗೆ ಬೇಸರವಾಯಿತೇ ಎಂದು ನನ್ನಾಕೆ ಆಮೇಲೊಮ್ಮೆ ಬರೆದು ಕೇಳಿದಳು. ಹರಸುವವರು ಊರೆಲ್ಲ ಇದ್ದರು, ನನಗೆ ಟ್ಯಾಂಕ್ ತುಂಬಿದ್ದನ್ನು ಹೇಳುತ್ತಿದ್ದವರು ಅಪ್ಪ ಒಬ್ಬರೇ, ಎಂಬರ್ಥದ ಉತ್ತರ ಬಂತು. ಈಗ ಅವಳು ಆ ವಿಡಿಯೋವನ್ನು ದಿನಕ್ಕಿಷ್ಟು ನೋಡುತ್ತ, ಅಪ್ಪನ ಕೈಯಿಂದ ಒಂದೊಂದೇ ಪದವನ್ನು ಹೆಕ್ಕಿ, ಅಳತೆ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದಿಡುತ್ತಿದ್ದಾಳೆ. ಇಪ್ಪತ್ತರ ಮೇಲಾಗಿವೆಯಂತೆ.

ಮೊನ್ನೆ ಬೆಳಿಗ್ಗೆ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇನ್ನಾರದೋ ಮದುವೆಯ ಓಲಗವನ್ನು ರಿಪೇರಿ ಮಾಡುತ್ತಿದ್ದೆ. ನನ್ನಾಕೆ ತರಕಾರಿಗೆ ಹೋಗಿದ್ದಳು. ಯಾಕೋ ತಲೆಯೆತ್ತಿದರೆ ಎದುರು ಅಂಗಡಿಯ ಬಾಗಿಲಲ್ಲಿ ಶೋಭಾ ನಿಂತಿದ್ದಾಳೆ: ಎರಡು ಅಂಗೈ ಸಮನಾಗಿ ಏರುತ್ತವೆ, ಬೆರಳು ಉದುರುತ್ತವೆ. ಎದ್ದು ಓಡಿ ಮೋಟಾರು ಆರಿಸಿದೆ. ತಾರಸಿಯ ನೀರು ಮೆಟ್ಟಿಲಿಳಿದು ಬಾಗಿಲವರೆಗೆ ಬಂದಿತ್ತು. ಕಿವಿಯಿರುವವನ ಮನೆಯ ಕೋಡಿಯನ್ನು ಅವಳು ಕಂಡಿದ್ದಳು, ನನ್ನ ಪಂಚೆ ಒದ್ದೆಯಾಗುವವರೆಗೂ ನಾನು ಕೇಳಿರಲಿಲ್ಲ.

ಕಿಟಕಿಗೆ ಬಂದು ಉಪಕಾರ ಹೇಳಬೇಕೆನಿಸಿತು. ಆ ಭಾಷೆಯಲ್ಲಿ ನನಗೆ ಬರುತ್ತಿದ್ದುದು ಅದೊಂದೇ ಪದ. ಅದನ್ನೇ ತಿರುಗಿ ಆಡಿದೆ. ಶೋಭಾ ಹಾಗಲ್ಲವೆಂದು ತಲೆಯಲ್ಲಾಡಿಸಿದಳು. ಕತ್ತರಿ ಕೆಳಗಿಟ್ಟು, ರಸ್ತೆ ದಾಟಿ ಬಂದು, ಸರಳಿನ ಸಂದಿಯಿಂದ ಕೈಹಾಕಿ ನನ್ನ ಕಿರುಬೆರಳನ್ನು ಹಿಡಿದು ತಗ್ಗಿಸಿದಳು: ಅದು ಮೊದಲು ಬೀಳಬೇಕು, ಮಿಕ್ಕವು ಅದರ ಹಿಂದೆ. ನಾನು ತಿದ್ದಿಕೊಂಡೆ.