ಗೆಲ್ಲು ಕಟ್ಟಿ ಇಳಿಯುವ ದಾರಿ

ಕಳೆದ ವಾರ ನಮ್ಮ ಬೀದಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತಿದ್ದ ಕೊಂಬೆಯೊಂದನ್ನು ಕಡಿದರು. ಕೆಲಸಗಾರನೊಬ್ಬ ಅದರ ಬುಡವನ್ನು ಕೈಯಲ್ಲಿ ಹಿಡಿದು, ಎಲೆಯ ಕಡೆಯನ್ನು ನೆಲಕ್ಕೆ ಬಿಟ್ಟು, ಡಾಂಬರಿನ ಮೇಲೆ ಎಳೆದುಕೊಂಡು ಹೋದ. ನಾನು ಒಳಗೆ ಕುರ್ಚಿಯಲ್ಲಿ ಕೂತಿದ್ದೆ. ಮೊದಲು ಸದ್ದು ಬಂತು. ಹಿಂದೆಯೇ ವಾಸನೆ... ಬಿಸಿಲಿಗೆ ಕಾದ ದಾರಿಯ ಮೇಲೆ ಹಸಿ ಎಲೆ ಉಜ್ಜಿ ಅರೆದುಹೋಗುವಾಗ ಏಳುವ ವಾಸನೆ, ಅರ್ಧ ಕಷಾಯದ್ದು, ಅರ್ಧ ಧೂಳಿನದು. ಅದು ಮೂಗಿಗೆ ಬಿದ್ದು ನಲವತ್ತು ವರ್ಷವಾಗಿರಬಹುದು. ಇಷ್ಟು ವರ್ಷ ಅದರಿಂದ ತಪ್ಪಿಸಿಕೊಂಡು ಬದುಕಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಮರೆತಿದ್ದೆ. ಸುಖವಾಗಿಯೇ ಮರೆತಿದ್ದೆ.

ಈ ಒಂದು ವಾರದಲ್ಲಿ ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಮೊದಲ ಸಲ ಮಳೆ ಸುರಿಸಿದ್ದೆ, ಮಳೆ ಇರಲಿಲ್ಲ. ಎರಡನೆಯ ಸಲ ಕೊನೆಗೆ ನಾನು ಒಂದು ಮಾತು ಆಡಿಬಿಡುತ್ತೇನೆ. ಆ ಮಾತನ್ನೂ ಆಡಿರಲಿಲ್ಲ. ನೆನಪು ನನಗೆ ಉಪಕಾರ ಮಾಡಲು ಹೊರಡುತ್ತದೆ. ಅದರ ಕೈಗೆ ಸಿಕ್ಕದ ಹಾಗೆ ಬರೆಯಬೇಕು.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಬಯಲುಸೀಮೆಯಿಂದ ಕೊಪ್ಪದ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ಇಪ್ಪತ್ತನಾಲ್ಕು ವರ್ಷ, ಪತ್ರಿಕೆಯಲ್ಲಿ ಹೆಸರು ಅಚ್ಚಾಗಬೇಕೆಂಬ ಹಸಿವು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ಹಾಗಾಗಿ ತಿರುಗಾಡಬೇಕೆನ್ನುವವನಿಗೆ ಸೈಕಲ್ಲೇ ಗತಿಯಾಗಿತ್ತು. ಪೇಟೆಯ ಕೊನೆಯಲ್ಲಿ, ತೋಟದ ಯಜಮಾನರೊಬ್ಬರ ಕಟ್ಟಡದ ಜಗಲಿಯಲ್ಲಿ, ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಐದು ಸೈಕಲ್ಲು, ಒಂದು ಪಂಪು, ಪಂಕ್ಚರಾದ ಟ್ಯೂಬನ್ನು ಮುಳುಗಿಸಿ ನೋಡಲು ಒಂದು ಮಣ್ಣಿನ ಬಾನಿ. ನಾನು ಹೇಳಬೇಕೆಂದಿರುವುದು ಆ ಅಂಗಡಿಯವರ ಬಗ್ಗೆ.

ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಬಲಗೈಯದೋ ಎಡಗೈಯದೋ... ಬಿಡಿ. ಓದು ಬರಹ ಗೊತ್ತಿರಲಿಲ್ಲ. ಆದರೆ ಕೊಪ್ಪದಿಂದ ಹೊರಡುವ ಯಾವ ದಾರಿ ಎಲ್ಲಿ ಏರುತ್ತದೆ, ಎಲ್ಲಿ ಸೈಕಲ್ಲಿನಿಂದ ಇಳಿದು ನಡೆಯಬೇಕು, ಬೇಸಿಗೆಯಲ್ಲೂ ನೀರು ಎಲ್ಲಿ ಸಿಗುತ್ತದೆ, ಎಲ್ಲವೂ ಅವರ ಮೈಗೆ ಗೊತ್ತಿತ್ತು. ದೂರವನ್ನು ಅವರು ಕವಳದಲ್ಲಿ ಅಳೆಯುತ್ತಿದ್ದರು. ಒಂದು ಸಲ ಎಲೆಯಡಿಕೆ ಹಾಕಿಕೊಂಡರೆ ಅದು ಬಾಯಲ್ಲಿ ಮುಗಿಯುವಷ್ಟು ಹೊತ್ತಿನ ದಾರಿ ಒಂದು ಕವಳ. ಹರಿಹರಪುರಕ್ಕೆ ಎರಡು ಕವಳ, ಅಲ್ಲಿಂದ ಶೃಂಗೇರಿಗೆ ಇನ್ನೂ ಎರಡೂವರೆ. ನರಸಿಂಹರಾಜಪುರವನ್ನು ಹಳಬರ ಹಾಗೆ ಎಡೇಹಳ್ಳಿ ಎನ್ನುತ್ತಿದ್ದರು. ಅದು ಹೋಗುವಾಗ ಮೂರು ಕವಳ, ಬರುವಾಗ ನಾಲ್ಕು. ನಾನು ನಕ್ಕಾಗ, "ನಿಮ್ಮ ಮೈಲಿಕಲ್ಲಿಗೆ ಏರು ಗೊತ್ತಾಗ್ತದಾ ಮೇಷ್ಟ್ರೇ? ಬಾಯಿಗೆ ಗೊತ್ತಾಗ್ತದೆ" ಎಂದಿದ್ದರು.

ಮಲೆನಾಡಿನ ಸೈಕಲ್ ದಾರಿಗಳ ಮೇಲೆ ಲೇಖನ ಬರೆಯುವ ಹುಚ್ಚು ನನಗೆ ಹಿಡಿದದ್ದು ಅವರ ಜಗಲಿಯಲ್ಲೇ. ದೀಪಾವಳಿ ಕಳೆದ ಮೇಲೆ ಭಾನುವಾರಗಳಂದು ಅವರು ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ಅವರಿಗೆ ಅದರಿಂದ ಏನೂ ಸಿಗುವಂತಿರಲಿಲ್ಲ. ತಮಗೆ ಗೊತ್ತಿದ್ದದ್ದನ್ನು ಯಾರೋ ಬರೆದುಕೊಳ್ಳುತ್ತಾರೆಂಬ ಸಂತೋಷ ಮಾತ್ರ ಕಾಣುತ್ತಿತ್ತು. ನಾನು ಪುಸ್ತಕ ತೆಗೆದರೆ ಅವರು ಮಾತು ನಿಧಾನ ಮಾಡುತ್ತಿದ್ದರು. ಶೃಂಗೇರಿಯಲ್ಲಿ ನಾನು ಪರಿಚಯದವರ ಮನೆಯಲ್ಲಿ ಊಟಕ್ಕೆ ಕೂತೆ. ಅಂಗಡಿಯವರು ತುಂಗೆಯ ದಡದಲ್ಲಿ ಎರಡೂ ಸೈಕಲ್ಲು ಕಾಯುತ್ತಾ ಅವಲಕ್ಕಿ ತಿಂದರು. ನಾನು ಕರೆಯಲಿಲ್ಲ, ಅವರು ಕರೆಸಿಕೊಳ್ಳಲು ಕಾಯಲಿಲ್ಲ. ಆ ಹೊತ್ತಿಗೆ ಅದು ನನ್ನ ಮನಸ್ಸಿಗೆ ಬರಲೂ ಇಲ್ಲ.

ಮೂರನೆಯ ಭಾನುವಾರ ಜಯಪುರದ ಮೇಲೆ ಬಸರೀಕಟ್ಟೆಯ ಕಡೆಗೆ ಹೋದೆವು. ದಾರಿ ಏರಿ ಏರಿ ಒಂದು ನೆತ್ತಿ ಮುಟ್ಟಿ, ಅಲ್ಲಿಂದ ತಿರುವು ತಿರುವಾಗಿ ಕೆಳಗೆ ಬೀಳುತ್ತಿತ್ತು. ನೆತ್ತಿಯಲ್ಲಿ ಅವರು ಸೈಕಲ್ಲನ್ನು ದಾರಿ ಬದಿಯ ಮಣ್ಣಿನ ದರೆಗೆ ಒರಗಿಸಿ, ಸೊಂಟದ ಕತ್ತಿ ತೆಗೆದು, ಎರಡು ಮಾರುದ್ದದ ಎರಡು ಹಸಿ ಕೊಂಬೆ ಕಡಿದರು; ಅಲ್ಲಿಯವರ ಮಾತಿನಲ್ಲಿ ಗೆಲ್ಲು. ಬುಡವನ್ನು ಸೀಟಿನ ಕೆಳಗೆ ಬಳ್ಳಿಯಿಂದ ಬಿಗಿದು, ಎಲೆಯ ತುದಿಯನ್ನು ಹಿಂದಕ್ಕೆ ನೆಲದ ಮೇಲೆ ಹರಡಿಬಿಟ್ಟರು. ಆ ದಿನಗಳಲ್ಲಿ ಬ್ರೇಕಿನ ರಬ್ಬರು ಸಿಗುತ್ತಿರಲಿಲ್ಲ. ಸಿಕ್ಕಿದ್ದೂ ಆ ಇಳಿಜಾರಿನ ಅರ್ಧಕ್ಕೆ ಕಾದು ಕರಗಿಹೋಗುತ್ತಿತ್ತು. ಹಿಂದೆ ಎಳೆಯುವ ಗೆಲ್ಲೇ ಬ್ರೇಕು. ಯಾವ ಮರದ್ದಾದರೂ ಆಗುತ್ತದೆಯೇ ಎಂದು ಕೇಳಿದೆ.

"ಹೊಲಗೇರು ಒಂದು ಬಿಟ್ಟು. ಅದರ ಹಾಲು ತಾಗಿದರೆ ಮೈಯೆಲ್ಲ ಬೊಬ್ಬೆ ಮಾರಾಯ್ರೇ. ನಿಮ್ಮ ಶಾಲೆ ಮಕ್ಕಳಿಗೆ ವಾರ ಇಡೀ ರಜ."

ಗೆಲ್ಲು ಎಳೆಯುತ್ತಾ ಇಳಿದೆವು. ಕೆಳಗೆ ದಾರಿ ಸಪಾಟಾಗುವಲ್ಲಿ ಒಂದು ರಾಶಿ ಇತ್ತು. ಸೈಕಲ್ಲಿನಲ್ಲಿ ಇಳಿದವರೆಲ್ಲ ಬಳ್ಳಿ ಬಿಚ್ಚಿ ಗೆಲ್ಲನ್ನು ಅಲ್ಲೇ ಹಾಕುವುದು ವಾಡಿಕೆ. ತೋಟದ ಕೆಲಸದ ಹೆಂಗಸರು ಒಣಗಿದ ಮೇಲೆ ಸೌದೆಗೆ ಒಯ್ಯುತ್ತಿದ್ದರು. ತಿರುಗಿ ನೋಡಿದರೆ ಮಣ್ಣಿನ ದಾರಿಯ ಮೇಲೆ ನಮ್ಮ ಗೆಲ್ಲುಗಳು ಗುಡಿಸಿದ ಗೀರುಗಳು ತಿರುವಿನವರೆಗೂ ಕಾಣುತ್ತಿದ್ದವು. "ಇದನ್ನು ಮಾತ್ರ ಬಿಡಬೇಡಿ, ದಪ್ಪ ಅಕ್ಷರದಲ್ಲಿ ಬರೀರಿ" ಎಂದರು. ಬರೆದುಕೊಂಡೆ.

ಲೇಖನಕ್ಕೆ ಕೂತಾಗ ಗೆಲ್ಲಿನ ಆ ನಾಲ್ಕು ಸಾಲು ನನಗೆ ಹಿಡಿಸಲಿಲ್ಲ. ಹಿಂದೆ ಸೊಪ್ಪು ಎಳೆದುಕೊಂಡು ಹೋಗುವ ಸವಾರ ನನ್ನ ಕಣ್ಣಿಗೆ ಕಸ ಗುಡಿಸುವವನ ಹಾಗೆ ಕಂಡ. ಅದಕ್ಕಿಂತ ಮೇಲಾಗಿ, ಗೆಲ್ಲಿನ ಮಾತು ಬಂದರೆ ಅದನ್ನು ಕಲಿಸಿದವರು ಯಾರು ಎಂಬ ಮಾತೂ ಬರಬೇಕು. ಆ ದಾರಿಗಳನ್ನು ನಾನೊಬ್ಬನೇ ಕಂಡುಹಿಡಿದ ಹಾಗೆ ಲೇಖನ ಆಗಲೇ ಅರ್ಧ ಮುಗಿದಿತ್ತು. ನಾಲ್ಕು ಸಾಲನ್ನೂ ಹೊಡೆದುಹಾಕಿದೆ. ಆ ಜಾಗದಲ್ಲಿ ಬರೆದದ್ದು ಇಂದಿಗೂ ಬಾಯಿಗೆ ಬರುತ್ತದೆ: "ಜಯಪುರದಾಚೆಯ ನೆತ್ತಿಯಿಂದ ಮುಂದೆ ಸವಾರನು ಏನನ್ನೂ ಮಾಡಬೇಕಾಗಿಲ್ಲ. ಬೆಟ್ಟವೇ ಅವನನ್ನು ಮಗುವಿನಂತೆ ಎತ್ತಿಕೊಂಡು ಕೆಳಗಿಳಿಸುತ್ತದೆ." ಗೆಲ್ಲಿಲ್ಲದೆ ನಾನು ಆ ದಾರಿಯಲ್ಲಿ ಒಂದು ಮಾರೂ ಇಳಿದವನಲ್ಲ.

ಪತ್ರಿಕೆ ಬಂದ ದಿನ ಅಂಗಡಿಯವರು ಓದಿ ಹೇಳಿ ಎಂದರು. ಕೈ ಒರೆಸಿಕೊಂಡು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ಎಡೇಹಳ್ಳಿಯ ದಾರಿ ಓದಿದೆ, ಶೃಂಗೇರಿಯ ದಾರಿ ಓದಿದೆ. ಜಯಪುರದ ನೆತ್ತಿ ಬಂದಾಗ ಅವರು ಕತ್ತು ಮುಂದೆ ಮಾಡಿದರು. ನನಗೆ ಬೇರೆ ದಾರಿ ಕಾಣಲಿಲ್ಲ. ಪುಟದ ಮೇಲೆ ಕಣ್ಣಿಟ್ಟುಕೊಂಡೇ, ಅಲ್ಲಿ ಇಲ್ಲದ್ದನ್ನು ಓದಿದೆ. ಇಲ್ಲಿ ಇಳಿಯುವ ಮುನ್ನ ಹಸಿಯ ಗೆಲ್ಲೊಂದನ್ನು ಕಡಿದು ಸೀಟಿಗೆ ಕಟ್ಟಿಕೊಳ್ಳತಕ್ಕದ್ದು, ಹೊಲಗೇರನ್ನು ಮುಟ್ಟಕೂಡದು... ಪುಸ್ತಕದ ಕನ್ನಡದಲ್ಲಿ, ಸರಾಗವಾಗಿ ಓದಿದೆ. ಅವರು, "ಹೊಲಗೇರನ್ನೂ ಬಿಟ್ಟಿಲ್ಲ ನೀವು" ಎಂದು ನಕ್ಕರು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಗೆಲ್ಲಿನ ಮಾತು ಈಗ ಅಚ್ಚಿನಲ್ಲಿ ಇದೆ ಎಂದು ಹೇಳತೊಡಗಿದರು.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ನಾನು ಅಲ್ಲಿ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದೆ. ಆ ಬೆಳಗಿನಿಂದ ನನ್ನನ್ನು ತೆಗೆದುಹಾಕಿ ನೋಡಿದ್ದೇನೆ. ಹರಿದುಹಾಕಿದ ಮೊದಲ ಸಲದ ಬರವಣಿಗೆಯಲ್ಲಿ ನಾನು ಅಲ್ಲಿರಲೇ ಇಲ್ಲ. ಇದ್ದೆ. ಪಂಪಿನ ಹಿಡಿ ನನ್ನ ಕೈಯಲ್ಲಿತ್ತು. ಕಟ್ಟಡದ ಯಜಮಾನರ ತಂಗಿಯ ಮಗ ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ. ಅವನು ಬಾಡಿಗೆಗೆ ಸೈಕಲ್ ಕೇಳಿದ, ಬಸರೀಕಟ್ಟೆಗೆ ಹೋಗುತ್ತೇನೆಂದ. ಅಂಗಡಿಯವರು ನೆತ್ತಿಯಲ್ಲಿ ಗೆಲ್ಲು ಕಟ್ಟಬೇಕೆಂದು ಹೇಳಿ, ಕಡಿಯಲು ತಮ್ಮ ಕತ್ತಿಯನ್ನೇ ಕೊಡಹೋದರು. ಹುಡುಗ ನಕ್ಕು ಚೀಲದಿಂದ ಪತ್ರಿಕೆ ತೆಗೆದ.

"ನಾನು ಪತ್ರಿಕೆ ನೋಡಿಯೇ ಹೊರಟವನು. ಏನೂ ಮಾಡಬೇಕಾಗಿಲ್ಲ ಅಂತ ಬರೆದಿದೆ."

"ಅದರಲ್ಲೂ ಗೆಲ್ಲಿದೆ. ಮೇಷ್ಟ್ರು ಓದಿ ಹೇಳಿದಾರೆ ನನಗೆ."

ಹುಡುಗ ಆ ಜಾಗವನ್ನು ಹುಡುಕಿ ಗಟ್ಟಿಯಾಗಿ ಓದಿದ. ಸವಾರ, ಬೆಟ್ಟ, ಮಗು. ಎಲ್ಲಿದೆ ಗೆಲ್ಲು ಎಂದು ಪುಟವನ್ನು ಅವರ ಮುಖದ ಮುಂದೆ ಹಿಡಿದ. ಓದಲು ಬಾರದ ಆ ಮನುಷ್ಯ ಆ ಪುಟವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹುಡುಗನೂ ನನ್ನ ಕಡೆ ತಿರುಗಿ, ಬರೆದವರು ನೀವೇ ಅಲ್ಲವೇ, ಬಹಳ ಚೆನ್ನಾಗಿದೆ ಸಾರ್ ಎಂದ. ನಾನು ಮುಗುಳ್ನಕ್ಕೆ. ನಕ್ಕು ಪಂಪಿನ ಮೇಲೆ ಬಾಗಿದೆ. ಚಕ್ರಕ್ಕೆ ಗಾಳಿ ಆಗಲೇ ಸಾಕಷ್ಟಿತ್ತು. ಆದರೂ ಒತ್ತುತ್ತಲೇ ಇದ್ದೆ. ಹುಡುಗ ಕತ್ತಿಯನ್ನು ಜಗಲಿಯ ಮೇಲೆ ಬಿಟ್ಟು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಮೂರನೆಯ ತಿರುವಿನಲ್ಲಿ ಸೈಕಲ್ಲು ದಾರಿ ಬಿಟ್ಟು ದರೆ ಹಾರಿತ್ತು. ತೋಟದ ಆಳುಗಳು ಹುಡುಗನನ್ನು ಕಂಬಳಿಯಲ್ಲಿ ಹೊತ್ತು ಜಯಪುರಕ್ಕೆ ತಂದಿದ್ದರು. ಅಲ್ಲಿಂದ ಶಿವಮೊಗ್ಗದ ಆಸ್ಪತ್ರೆಗೆ. ತೊಡೆಯ ಮೂಳೆ ಮುರಿದಿತ್ತು. ಜೀವ ಉಳಿಯಿತು. ಒಂದು ಕಾಲು ಮಾತ್ರ ಗಿಡ್ಡವಾಯಿತೆಂದು ಬಹಳ ದಿನದ ಮೇಲೆ ಕೇಳಿದೆ.

ಮಾರನೆಯ ಬೆಳಿಗ್ಗೆ ಯಜಮಾನರು ಅಂಗಡಿಯ ಮುಂದೆ ನಿಂತಿದ್ದರು. ಪೇಟೆಯ ಹತ್ತಾರು ಜನ ಸೇರಿದ್ದರು. ಶಾಲೆಗೆ ಹೋಗುತ್ತಿದ್ದ ನಾನೂ ನಿಂತೆ. ಮುರಿದ ಸೈಕಲ್ಲನ್ನು ಜಗಲಿಗೆ ಒರಗಿಸಿದ್ದರು. ಬ್ರೇಕಿನ ರಬ್ಬರು ಸುಟ್ಟು ಬರೀ ಕಬ್ಬಿಣ ಉಳಿದಿತ್ತು. ಯಜಮಾನರು ಅದನ್ನು ಬೆರಳಿನಿಂದ ತೋರಿಸಿ, ಇಂಥ ಸೈಕಲ್ಲನ್ನು ಮನೆಯ ಮಗುವಿಗೆ ಕೊಡುತ್ತೀಯಾ ಎಂದು ಕೇಳಿದರು. ಆ ಇಳಿಜಾರಿನಲ್ಲಿ ಯಾರ ರಬ್ಬರಾದರೂ ಸುಡುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಗೆಲ್ಲು ಕಟ್ಟು ಅಂತ ಹೇಳಿದ್ಯಾ, ಇಲ್ವಾ?"

"ಹೇಳಿದ್ದೆ ಅಯ್ಯಾ."

"ಹೇಳಿದ್ರೆ ಅವ ಯಾಕೆ ಕಟ್ಲಿಲ್ಲ?"

ಅಂಗಡಿಯವರು ತಲೆ ತಗ್ಗಿಸಿದರು. ಉತ್ತರ ನಾಲ್ಕು ಮಾರು ದೂರದಲ್ಲಿ, ಮಡಿಸಿದ ಕೊಡೆ ಹಿಡಿದು ನಿಂತಿತ್ತು. ಯಜಮಾನರು ನನ್ನನ್ನು ಕಂಡು, ದನಿ ತಗ್ಗಿಸಿ, ಮರ್ಯಾದೆಯಿಂದಲೇ ಕೇಳಿದರು.

"ಮೇಷ್ಟ್ರೇ, ನಿನ್ನೆ ನೀವೂ ಇಲ್ಲಿದ್ದಿರಂತೆ. ಎಂತಾದರೂ ಗೊತ್ತುಂಟಾ ನಿಮಗೆ?"

ನಾನು ಆಡಬೇಕಾಗಿದ್ದದ್ದು ಎರಡು ಮಾತು. ಅವರು ಹೇಳಿದ್ದರು, ನಾನು ಬರೆಯಲಿಲ್ಲ. ಹರಿದುಹಾಕಿದ ಎರಡನೆಯ ಪ್ರತಿಯಲ್ಲಿ ಇದನ್ನು ಆಡುತ್ತೇನೆ. ದನಿ ನಡುಗುತ್ತದೆ, ಆದರೂ ಆಡುತ್ತೇನೆ, ಜನ ಬೆರಗಾಗಿ ನೋಡುತ್ತಾರೆ. ಆ ಬೆಳಿಗ್ಗೆ ಕೊಪ್ಪದಲ್ಲಿ ನಾನು ಅಂದದ್ದು, "ಏನಿಲ್ಲ."

ಅಂಗಡಿಯವರು ತಲೆ ಎತ್ತಲಿಲ್ಲ. "ಮೇಷ್ಟ್ರು ಗಾಳಿ ಹೊಡೆಸಲಿಕ್ಕೆ ಬಂದಿದ್ರು, ಅಷ್ಟೆ" ಎಂದರು. ಆಮೇಲೆ, "ನಾನೇ ಕಟ್ಟಿ ಕಳಿಸಬೇಕಿತ್ತು" ಎಂದರು.

ಗೆಲ್ಲು ಕಟ್ಟುವುದು ನೆತ್ತಿಯಲ್ಲಿ. ಕೊಪ್ಪದಲ್ಲೇ ಕಟ್ಟಿ ಕಳಿಸಿದರೆ ಜಯಪುರ ಮುಟ್ಟುವಷ್ಟರಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ. ಅವರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ತಾಲ್ಲೂಕಿನಲ್ಲೇ ಇರಲಿಲ್ಲ. ಆದರೂ ಹಾಗೆ ಅಂದರು, ಜನ ಅದನ್ನು ಒಪ್ಪಿಕೊಂಡರು. ಜಗಲಿ ಖಾಲಿ ಮಾಡಲು ಯಜಮಾನರು ವಾರದ ಗಡುವು ಕೊಟ್ಟರು. ಅಂಗಡಿಯ ಸೈಕಲ್ಲನ್ನು ಆ ವಾರ ಯಾರೂ ಬಾಡಿಗೆಗೆ ಒಯ್ಯಲಿಲ್ಲ. ನಾನೂ.

ಅಂಗಡಿಯವರು ನನ್ನನ್ನು ಯಾಕೆ ಉಳಿಸಿದರು? ಕರುಣೆ ಎಂದು ಬಹಳ ದಿನ ಅಂದುಕೊಂಡಿದ್ದೆ. ನನಗೆ ಅನುಕೂಲವಾದ ಪದ ಅದು. ಪುಸ್ತಕ ಓದಿದ ಮೇಷ್ಟ್ರ ಮಾತಿನೆದುರು ತಮ್ಮ ಮಾತು ನಿಲ್ಲದೆಂದು ಲೆಕ್ಕ ಹಾಕಿದ್ದರೋ. ಇಲ್ಲ, ಅಚ್ಚಿನಲ್ಲಿ ಇದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಅವರಿಗೆ, ಅದು ಇರಲೇ ಇಲ್ಲ ಎಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತೋ. ಹಾಗಿದ್ದರೆ ನನ್ನ ನಾಚಿಕೆಯನ್ನೂ ಅವರೇ ಹೊತ್ತ ಹಾಗಾಯಿತು. ಗೊತ್ತಿಲ್ಲ... ಕೇಳಬಹುದಿತ್ತು. ಒಂದು ವಾರ ಸಮಯವಿತ್ತು. ಆ ವಾರವೆಲ್ಲ ನಾನು ಶಾಲೆಗೆ ಹಿಂದಿನ ಬೀದಿಯಿಂದ ಹೋದೆ.

ಅವರು ಊರು ಬಿಟ್ಟದ್ದನ್ನು ತರಗತಿಯ ಕಿಟಕಿಯಿಂದ ನೋಡಿದೆ. ಕ್ಯಾರಿಯರಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಎಡೇಹಳ್ಳಿಯ ದಾರಿ ಹಿಡಿದಿದ್ದರು. ಶಾಲೆಯ ಮುಂದೆ ಬಂದಾಗ ಒಂದು ಸಲ ಬೆಲ್ಲು ಬಾರಿಸಿದರು ಎಂದು ಬರೆದಿದ್ದೆ, ಈಗ ಹೊಡೆದುಹಾಕುತ್ತಿದ್ದೇನೆ. ಅವರ ಸೈಕಲ್ಲಿಗೆ ಬೆಲ್ಲೇ ಇರಲಿಲ್ಲ. ಸುಮ್ಮನೆ ಹೋದರು. ಬೇಸಿಗೆ ರಜೆಯಲ್ಲಿ ನಾನು ವರ್ಗ ಕೇಳಿಕೊಂಡು ಕೊಪ್ಪ ಬಿಟ್ಟೆ. ಎಷ್ಟೋ ವರ್ಷದ ಮೇಲೆ ಬಸ್ಸಿನಲ್ಲಿ ಆ ಇಳಿಜಾರು ಇಳಿದಾಗ ಕೆಳಗೆ ಗೆಲ್ಲಿನ ರಾಶಿ ಇರಲಿಲ್ಲ. ಡ್ರೈವರಿಗೆ ಅಂಥದ್ದೊಂದು ಇತ್ತೆಂದೇ ಗೊತ್ತಿರಲಿಲ್ಲ. ಅಂಗಡಿಯವರ ಸುದ್ದಿ ಎಲ್ಲೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಯಾರನ್ನೂ ಕೇಳಲೂ ಇಲ್ಲ. ಈಗ ಇರಲಾರರು. ಇದ್ದರೂ ಇದನ್ನು ಅವರು ಓದಲಾರರು; ಇನ್ನೊಬ್ಬರು ಓದಿ ಹೇಳಬೇಕು. ಓದಿ ಹೇಳಿದ್ದನ್ನು ಅವರು ಯಾಕೆ ನಂಬಬೇಕು?

ಕಳೆದ ವಾರ, ಆ ಸದ್ದು ನಿಂತ ಮೇಲೆ, ಎದ್ದು ಹೊರಗೆ ಹೋದೆ. ಡಾಂಬರಿನ ಮೇಲೆ ನಮ್ಮ ಗೇಟಿನಿಂದ ತಿರುವಿನವರೆಗೂ ಹಸಿರು ಗೀರುಗಳಿದ್ದವು. ಕೆಲಸಗಾರ ಕೊಂಬೆಯನ್ನು ಮೂಲೆಯಲ್ಲಿ ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ನಾನು ಗೀರುಗಳ ಪಕ್ಕದಲ್ಲೇ ನಡೆದು ಅವನ ಹತ್ತಿರ ಹೋಗಿ ನಿಂತೆ.

"ಅವರು ಹೇಳಿದ್ದರು, ನಾನು ಬರೆಯಲಿಲ್ಲ" ಎಂದೆ.

ಅವನು ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಏನಂದ್ರಿ ಸಾರ್?"

"ಏನಿಲ್ಲ" ಎಂದೆ.