ನಿಂಬೆಹಣ್ಣು ತುಳಿದ ವಿಮಾನ

ಮೊನ್ನೆ ಹೊಸಪೇಟೆಯಲ್ಲಿ ತಮ್ಮನ ಹೊಸ ಕಾರಿಗೆ ಪೂಜೆ. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾಗಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಒತ್ತರಿಸಿ ಬಂತು. ಪೂಜಾರಿ ದುರುಗುಟ್ಟಿ ನೋಡಿದರು. ಅವರಿಗೇನು ಗೊತ್ತು, ನಾನು ನಿಂಬೆಹಣ್ಣು ತುಳಿದ ವಿಮಾನವನ್ನೇ ಕಂಡವನೆಂದು!

ಆ ವಿಮಾನ ಇದ್ದದ್ದು ನಮ್ಮೂರ ಗೊಬ್ಬರದಂಗಡಿಯೊಂದರ ಮಹಡಿಯಲ್ಲಿ. ಪೈಲಟ್ ಆಗುವವರು ನೆಲದ ಮೇಲೇ ಕುಳಿತು ಹಾರಾಟ ಕಲಿಯುವ ಯಂತ್ರ; ಸಿಮ್ಯುಲೇಟರ್ ಅನ್ನುತ್ತಾರೆ. ಮಾಡುತ್ತಿದ್ದವರು ಕಂಪ್ಲಿಯ ವಿಜಯಕ್ಕ. ಸಂಡೂರಿನ ಗಣಿಯಲ್ಲಿ ಗುಜರಿಗೆ ಬಿದ್ದ ಲಾರಿಯ ಸೀಟು, ಎದುರಿಗೆ ದೊಡ್ಡ ಪರದೆ, ಕಾಲ ಬಳಿ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಎರಡು ಪೆಡಲು. ಎಲ್ಲವೂ ನಿಜದ ಹಾಗೇ ಇರಬೇಕೆಂಬುದು ಅಕ್ಕನ ಹಟ. ಪರದೆಯಲ್ಲಿ ಕೆಳಗೆ ಕಾಣುವ ನಮ್ಮ ಸುತ್ತಲಿನ ಹಳ್ಳಿ, ಗದ್ದೆಗಳನ್ನು ಬಿಡಿಸುವವನು ನಾನು, ಜನ್ಮದಲ್ಲಿ ವಿಮಾನ ಹತ್ತದವನು. ಅಕ್ಕನ ತಾಯಿ ನೀಲಮ್ಮ ಒಮ್ಮೆ ಇಣುಕಿ, "ಬುಕ್ಕಸಾಗರದಾಗ ಕೊಯ್ಲು ಮುಗದೈತಿ, ನಿನ್ನ ಗದ್ದಿ ಇನ್ನೂ ಹಸರs ಐತಲ್ಲೋ" ಅಂದಿದ್ದರು. ಮರುದಿನವೇ ಕೂತಲ್ಲೇ ಕೊಯ್ಲು ಮುಗಿಸಿದೆ.

ಒಂದು ದಿನ ಹಾರಾಟ ಕಲಿಸುವ ಶಾಲೆಯ ಕ್ಯಾಪ್ಟನ್ ಯಂತ್ರ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಕಂಪನಿಗೆ ಬೀಗವೇ ಗತಿ. ನೀಲಮ್ಮ ಬೆಳಿಗ್ಗೆಯೇ ಪೂಜೆಯ ತಟ್ಟೆ ಹಿಡಿದು ಬಂದರು.

"ಲೇ ವಿಜಯಾ, ಇದಕ್ಕ ಗಾಲಿ ಎಲ್ಲಿ ಅದಾವ?"

"ಪರದಿಯೊಳಗ ಅದಾವಬೇ."

"ಪರದಿಯೊಳಗಿನ ಗಾಲಿ ಕೆಳಗ ನಿಂಬಿಹಣ್ಣು ಇಡಾಕ ಬರ್ತೈತೇನು?"

ಕಾಲಲ್ಲಿ ತುಳಿಯುವುದು ಪೆಡಲನ್ನಲ್ಲವೇ ಎಂದು ಎರಡರ ಹಿಂದೆಯೂ ಒಂದೊಂದು ಇಟ್ಟರು. ಅವರು ಹೋದ ಮೇಲೆ ಎಡಗಡೆಯದನ್ನು ತೆಗೆದೆವು. ಬಲಗಡೆಯದು ಒಳಗೆ ಉರುಳಿತ್ತು, ಗಡಿಬಿಡಿಯಲ್ಲಿ ಮರೆತೇಬಿಟ್ಟೆವು.

ಕ್ಯಾಪ್ಟನ್ ಕುಳಿತರು. ಬಲ ಪೆಡಲು ಸಿಕ್ಕಿಕೊಂಡು ವಿಮಾನ ಓಡುತ್ತಲೇ ಎಡಕ್ಕೆ ಎಳೆಯತೊಡಗಿತು. ಅವರ ಮುಖ ಅರಳಿತು. "ಎಡಗಡೆ ಗಾಳಿ! ಭೇಷ್, ಥೇಟ್ ನಿಜವಾದ ಗಾಳಿ!" ಎಂದು ಬಲಗಾಲನ್ನು ಒತ್ತಿದರು. ಆ ದಿನ ನಾವು ಯಂತ್ರದಲ್ಲಿ ಗಾಳಿಯನ್ನೇ ಹಾಕಿರಲಿಲ್ಲ. ಪಚಕ್ ಎಂದಿತು. ಕೋಣೆಯ ತುಂಬ ನಿಂಬೆಯ ವಾಸನೆ.

ನಾನಾಗಿದ್ದರೆ ಗಾಳಿಯ ಬಿರುದನ್ನು ತೆಪ್ಪಗೆ ಇಟ್ಟುಕೊಳ್ಳುತ್ತಿದ್ದೆ. ವಿಜಯಕ್ಕ ಬೆವರುತ್ತಲೇ ಹೇಳಿಬಿಟ್ಟರು: "ಸರ್, ಅದು ಗಾಳಿ ಅಲ್ರಿ. ನಮ್ಮವ್ವನ ನಿಂಬಿಹಣ್ಣು."

ಕ್ಯಾಪ್ಟನ್ ಬಗ್ಗಿ ಸಿಪ್ಪೆಯನ್ನು ಎಳೆದು ತೆಗೆದರು. ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾರೋ ಮುಂಚೆ ಪೆಡಲ್ ಹಿಂದೆ ನೋಡ್ರೋ ಅಂತ ಹುಡುಗರಿಗೆ ಬಡಕೊಳ್ತೀನಿ. ಒಬ್ಬನೂ ಬಗ್ಗಲ್ಲ. ನಾನೂ ಇವತ್ತು ಬಗ್ಗಲಿಲ್ಲ ನೋಡಿ! ಯಂತ್ರ ತಗೋತೀನಿ. ಜೊತೆಗೆ ಈ ನಿಂಬೆಹಣ್ಣೂ ಬೇಕು."

ಹಾಗೆ, ಹೇಳದೆ ಕೇಳದೆ ಪೆಡಲು ಸಿಕ್ಕಿಕೊಳ್ಳುವ ಒಂದು ಪಾಠವನ್ನು ಯಂತ್ರಕ್ಕೆ ಸೇರಿಸಿ 'ನೀಲಮ್ಮ' ಎಂದು ಹೆಸರಿಟ್ಟೆವು. ನೀಲಮ್ಮನವರಿಗೆ ಮಾತ್ರ ನಮ್ಮ ನಗು ಅರ್ಥವಾಗಲಿಲ್ಲ. "ತುಳೀಲಿ ಅಂತs ಇಟ್ಟಿದ್ದೆ. ತುಳಿದ್ರು, ಕೆಲಸ ಆತು. ಇದರಾಗ ನಗೋದೇನೈತಿ?"

"ಅಣ್ಣಾ, ಮದ್ಲನೇ ಸುತ್ತು ನೀನs ಓಡಿಸು," ಎಂದು ಮೊನ್ನೆ ಪೂಜೆ ಮುಗಿದ ಮೇಲೆ ತಮ್ಮ ಹೊಸ ಕಾರಿನ ಕೀಲಿ ಕೊಟ್ಟ. ಸೀಟಿನಲ್ಲಿ ಕುಳಿತವನು ಹಳೆಯ ನೆನಪಿಗೆ ಮಣಿದು ಸುಮ್ಮನೆ ಬಗ್ಗಿ ನೋಡಿದೆ. ಪೂಜೆಯ ಚೀಲದಿಂದ ಉರುಳಿದ ನಿಂಬೆಹಣ್ಣೊಂದು ಬ್ರೇಕಿನ ಹಿಂದೆ ತಣ್ಣಗೆ ಕುಳಿತಿತ್ತು. ಎದುರಿಗೆ ಪೂಜೆ ನೋಡಲು ನೆರೆದ ಅರ್ಧ ಓಣಿ.

ನನ್ನ ನಗು ನಿಂತಿತು. ಹಣ್ಣನ್ನು ತೆಗೆದು ಕಣ್ಣಿಗೊತ್ತಿಕೊಂಡೆ.

"ಯಾಕಣ್ಣ, ಏನಾತು?"

"ಏನಿಲ್ಲೋ. ನೀಲಮ್ಮ ಬಂದಿದ್ರು."